ವಿದ್ಯುತ್ತೂ ವಿದ್ಯೆಯೂ

‘ವಿದ್ಯೆ’ ಮತ್ತು ‘ವಿದ್ಯುತ್’ ಎಂಬೆರಡು ಶಬ್ದಗಳು ಕಿವಿಗೆ ಒಡಹುಟ್ಟಿದವುಗಳಂತೆ ಕೇಳಿಸಿದರೂ ಅವುಗಳ ಮೂಲ ಬೇರೆ ಬೇರೆ. ಮೊದಲನೆಯದು ‘ವಿದ್’ ಧಾತುವಿನಿಂದ ಹುಟ್ಟಿದ್ದು. ತಿಳಿಯುವುದು ಎಂದು ಅದರ ಅರ್ಥ. ಎರಡನೆಯದರಲ್ಲಿ ‘ವಿ’ ಎಂಬ ಉಪಸರ್ಗದೊಡನೆ ‘ದ್ಯುತ್’ ಧಾತುವಿದೆ. ಹೊಳೆಯುವುದು ಎಂದು ಅದರ ಅರ್ಥ. ತಿಳಿಯುವುದೇ ಬೇರೆ, ಹೊಳೆಯುವುದೇ ಬೇರೆ ಎಂಬುದನ್ನು ವೈಯಾಕರಣರು ಹೀಗೆ ಬಹು ಹಿಂದೆಯೇ ಬಿಡಿಸಿ ತೋರಿಸಿದ್ದಾರೆ. ನಮ್ಮ ನಾಡಿನ ಶಾಲೆಗಳಲ್ಲಿ ಏರ್ಪಡುವ ವಿಜ್ಞಾನ ಪ್ರದರ್ಶನಗಳನ್ನು ನೋಡುವಾಗಲೆಲ್ಲ ಈ ಭೇದವು ನನ್ನ ನೆನಪಿಗೆ ಬರುತ್ತದೆ. ಹೊಳೆಯುವ ಮಾದರಿಗಳು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿವೆ. ಆ ಹೊಳಪಿನ ಹಿಂದೆ ತಿಳಿವು ಎಷ್ಟಿದೆ ಎಂಬುದನ್ನು ಅಧ್ಯಾಪಕರೂ ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಕುಳಿತು ವಿಚಾರಿಸಬೇಕಾದ ಕಾಲ ಬಂದಿದೆಯೆಂದು ನಾನು ಭಾವಿಸುತ್ತೇನೆ.

ಕನ್ನಡ ಪಂಡಿತನಿಗೆ ಈ ವಿಷಯದ ಗೊಡವೆ ಏತಕ್ಕೆಂದು ವಾಚಕರು ಕೇಳಬಹುದು. ಪ್ರದರ್ಶನದ ಮಾದರಿಗಳ ಮುಂದೆ ತೂಗುಹಾಕುವ ವಿವರಣಪತ್ರಗಳ ಭಾಷೆಯನ್ನು ತಿದ್ದುವ ಕೆಲಸವು ಪ್ರತಿವರ್ಷವೂ ನನ್ನ ಪಾಲಿಗೆ ಬರುತ್ತದೆ. ಅರ್ಥವನ್ನರಿಯದೆ ಭಾಷೆಯನ್ನು ತಿದ್ದಲು ಬರುವುದಿಲ್ಲ. ಆದಕಾರಣ ವಿಜ್ಞಾನದ ಅಧ್ಯಾಪಕಮಿತ್ರರ ಮಗ್ಗುಲಲ್ಲಿ ಕುಳಿತು, ಕೇಳಿ, ಮತ್ತೆ ಮತ್ತೆ ಕೇಳಿ, ಒಂದಿಷ್ಟು ವಿಷಯವನ್ನು ತಿಳಿದುಕೊಂಡಿದ್ದೇನೆ. ಈ ಲೇಖನದಲ್ಲಿ ಅವುಗಳ ಪೈಕಿ ಒಂದೇ ಒಂದು ವಸ್ತುವನ್ನು ಎತ್ತಿಕೊಳ್ಳುತ್ತೇನೆ. ಅದು ವೋಲ್ಟೇಜನ್ನು ಇಳಿಸುವ ಒಂದು ಸಣ್ಣ ವಿದ್ಯುನ್ಮಂಡಲ. ವಸ್ತು ಬೆಂಕಿಪೊಟ್ಟಣಕ್ಕಿಂತ ದೊಡ್ಡದಲ್ಲ. ಆದರೆ ಶಾಲೆಯು ಮಕ್ಕಳಿಗೆ ಏನನ್ನು ಕೊಡಬೇಕೆಂಬ ಪ್ರಶ್ನೆ ಅದರಲ್ಲಿ ಅಡಗಿದೆ.

ಇಂದು ಮಕ್ಕಳು ಮಾಡುವ ಮಾದರಿಗಳಲ್ಲಿ ಬಹಳಷ್ಟು ರೈತನ ಹೊಲಕ್ಕೆ ಸಂಬಂಧಿಸಿದವು. ಮಣ್ಣಿನ ತೇವವನ್ನು ಅಳೆದು, ಒಣಗಿದಾಗ ತಾನಾಗಿ ನೀರು ಬಿಡುವ ಯಂತ್ರವೊಂದಿದೆಯೆಂದು ಭಾವಿಸೋಣ. ಸೂರ್ಯನ ಬಿಸಿಲಿನಿಂದ ತುಂಬುವ 12 ವೋಲ್ಟಿನ ಬ್ಯಾಟರಿ ಅದಕ್ಕೆ ಆಧಾರ. ನೀರೆತ್ತುವ ಚಿಕ್ಕ ಪಂಪಿಗೆ 12 ವೋಲ್ಟ್ ಒಗ್ಗುತ್ತದೆ. ತೇವವನ್ನು ಅಳೆದು ಆಜ್ಞೆ ಮಾಡುವ ಹಲಗೆಗೆ 5 ವೋಲ್ಟ್ ಮಾತ್ರ ಬೇಕು. 12ರಿಂದ 5ಕ್ಕೆ ಇಳಿಯುವುದು ಹೇಗೆ?

ದೊಡ್ಡ ವಿದ್ಯುತ್ತಿನ ಲೋಕದಲ್ಲಿ ಈ ಪ್ರಶ್ನೆಗೆ ಉತ್ತರ ಬಹುಕಾಲದ ಹಿಂದೆಯೇ ದೊರೆತಿತ್ತು. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಕೊಂಡ ತತ್ತ್ವದ ಮೇಲೆ ಟ್ರಾನ್ಸ್‌ಫಾರ್ಮರ್ ನಿಂತಿದೆ. 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ದೂರದ ಕೋಲಾರದ ಚಿನ್ನದ ಗಣಿಗಳನ್ನು ತಲುಪಿದ್ದೂ, 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪಗಳು ಬೆಳಗಿದ್ದೂ ಆ ಉಪಕರಣದ ಬಲದಿಂದ. ಆದರೆ ಟ್ರಾನ್ಸ್‌ಫಾರ್ಮರಿಗೆ ಕ್ಷಣಕ್ಷಣವೂ ಏರಿಳಿಯುವ ಪರ್ಯಾಯ ವಿದ್ಯುತ್ತು ಬೇಕು. ಬ್ಯಾಟರಿಯಿಂದ ಹೊರಡುವುದು ಏರಿಳಿತವಿಲ್ಲದ ನೇರ ವಿದ್ಯುತ್ತು; ಅದರ ಮುಂದೆ ಟ್ರಾನ್ಸ್‌ಫಾರ್ಮರಿನ ವಿದ್ಯೆ ನಡೆಯದು. ಹೀಗಿರಲಾಗಿ ಬೇರೊಂದು ಉಪಾಯ ಬೇಕಾಗುತ್ತದೆ.

ಮೊದಲನೆಯ ಉಪಾಯ ಸುಲಭವಾದದ್ದು. 7805 ಎಂಬ ಮೂರು ಕಾಲಿನ ಉಪಕರಣವೊಂದನ್ನು ನಡುವೆ ಇಟ್ಟರೆ ಅದು ಹೆಚ್ಚಿನ 7 ವೋಲ್ಟನ್ನು ತಾನೇ ನುಂಗಿ 5 ವೋಲ್ಟನ್ನು ಮುಂದೆ ಬಿಡುತ್ತದೆ. ನುಂಗಿದ್ದನ್ನು ಏನು ಮಾಡುತ್ತದೆ? ಶಾಖವಾಗಿ ಹೊರಚೆಲ್ಲುತ್ತದೆ. 1 ಆಂಪಿಯರ್ ಪ್ರವಾಹ ಹರಿಯುವಲ್ಲಿ 5 ವ್ಯಾಟ್ ಉಪಯೋಗಕ್ಕೆ ಬಂದರೆ 7 ವ್ಯಾಟ್ ಬಿಸಿಯಾಗಿ ಹೋಗುತ್ತದೆ. ಹನ್ನೆರಡು ಸೇರು ಜೋಳವನ್ನು ತಂದು, ಐದು ಸೇರನ್ನು ರೊಟ್ಟಿಗೆ ಬೀಸಿಕೊಂಡು, ಉಳಿದ ಏಳು ಸೇರನ್ನು ಒಲೆಗೆ ಸುರಿದಂತೆ! ಶಾಖವನ್ನು ಹೊರಹಾಕುವ ಲೋಹದ ರೆಕ್ಕೆಯಿಲ್ಲದಿದ್ದರೆ ಆ ಉಪಕರಣವು ಕಾದು, ತನ್ನನ್ನು ತಾನು ಉಳಿಸಿಕೊಳ್ಳಲು ಕೆಲಸವನ್ನೇ ನಿಲ್ಲಿಸಿಬಿಡುತ್ತದೆ.

ಎರಡನೆಯ ಉಪಾಯದಲ್ಲಿ ಬುದ್ಧಿಯ ಚಮತ್ಕಾರವಿದೆ. ಪ್ರವಾಹದ ದಾರಿಯಲ್ಲಿ ಒಂದು ಸ್ವಿಚ್ಚನ್ನಿಟ್ಟು, ಅದನ್ನು ಅತಿ ವೇಗವಾಗಿ ಬಿಡುವುದು, ತಡೆಯುವುದು, ಮತ್ತೆ ಬಿಡುವುದು. ಕಾಲವನ್ನು ಹನ್ನೆರಡು ಪಾಲು ಮಾಡಿ ಐದು ಪಾಲು ದಾರಿ ಬಿಟ್ಟು ಏಳು ಪಾಲು ತಡೆದರೆ, 12 ವೋಲ್ಟಿನ ಸರಾಸರಿ 5 ವೋಲ್ಟ್ ಆಗುತ್ತದೆ. ದಾರಿ ಬಿಟ್ಟಾಗ ಸ್ವಿಚ್ಚಿನಲ್ಲಿ ವೋಲ್ಟೇಜ್ ಹೆಚ್ಚಾಗಿ ಉಳಿಯುವುದಿಲ್ಲ, ತಡೆದಾಗ ಪ್ರವಾಹವಿರುವುದಿಲ್ಲ. ವೋಲ್ಟೇಜ್ ಮತ್ತು ಪ್ರವಾಹಗಳ ಗುಣಲಬ್ಧವೇ ವ್ಯಯವಾದುದರಿಂದ ಎರಡು ಸ್ಥಿತಿಯಲ್ಲಿಯೂ ವ್ಯಯ ಅತ್ಯಲ್ಪ.

ಆದರೆ ಹೀಗೆ ತುಂಡು ತುಂಡಾಗಿ ಬಂದ ವಿದ್ಯುತ್ತು ಆ ಹಲಗೆಗೆ ಒಗ್ಗುವುದಿಲ್ಲ. ಅದನ್ನು ಸಮಗೊಳಿಸಲು ಒಂದು ಕಾಯಿಲ್, ಒಂದು ಡಯೋಡ್, ಒಂದು ಕೆಪಾಸಿಟರ್ ಬೇಕಾಗುತ್ತವೆ. ಕಾಯಿಲಿನ ಸ್ವಭಾವವು ನಮ್ಮ ಮನೆಯ ಬೀಸುವ ಕಲ್ಲಿನದು. ನಿಂತ ಕಲ್ಲು ಒಮ್ಮೆಲೇ ಓಡುವುದಿಲ್ಲ. ಓಡುತ್ತಿರುವ ಕಲ್ಲು ಗೂಟದಿಂದ ಕೈ ತೆಗೆದ ಮಾತ್ರಕ್ಕೆ ನಿಲ್ಲುವುದಿಲ್ಲ. ಅಂತೆಯೇ ಸ್ವಿಚ್ಚು ದಾರಿಯನ್ನು ತಡೆದರೂ ಕಾಯಿಲಿನಲ್ಲಿ ಪ್ರವಾಹವು ಮುಂದುವರಿಯಲು ಯತ್ನಿಸುತ್ತದೆ. ಆ ಓಟಕ್ಕೆ ಬಳಸುದಾರಿಯನ್ನು ಒದಗಿಸುವುದು ಡಯೋಡಿನ ಕೆಲಸ. ಮನೆಯ ಹಂಡೆಯು ನಲ್ಲಿಯ ನೀರು ಬಿಟ್ಟು ಬಿಟ್ಟು ಬಂದರೂ ತಾನು ಸಮನಾಗಿ ಕೊಡುವಂತೆ, ಉಳಿದ ಏರಿಳಿತವನ್ನು ತಗ್ಗಿಸುವುದು ಕೆಪಾಸಿಟರಿನ ಕೆಲಸ. ಇಂಗ್ಲಿಷಿನಲ್ಲಿ ಇದನ್ನು ಬಕ್ ಕನ್ವರ್ಟರ್ ಎನ್ನುತ್ತಾರೆ.

ಈ ಮಂಡಲವು ಸಿದ್ಧವಸ್ತುವಾಗಿ, ಹೊಳೆಯುವ ಚಿಕ್ಕ ಹಲಗೆಯಾಗಿ, ನೂರು ರೂಪಾಯಿಯ ಒಳಗೇ ಅಂಗಡಿಯಲ್ಲಿ ದೊರೆಯುತ್ತದೆ. ಎರಡು ತಂತಿ ಒಳಕ್ಕೆ, ಎರಡು ತಂತಿ ಹೊರಕ್ಕೆ. ಅದನ್ನು ತಂದು ಮಾದರಿಗೆ ಅಂಟಿಸುವುದೇ ಇಂದಿನ ರೂಢಿ. ಹಾಗಿದ್ದಮೇಲೆ ವಿದ್ಯಾರ್ಥಿ ಅದನ್ನು ತಾನೇ ರಚಿಸುವ ಶ್ರಮವೇಕೆ? ಆ ಶ್ರಮದಿಂದ ಅವನಿಗೆ ಏನು ದೊರೆಯುತ್ತದೆಂಬುದನ್ನು ನೋಡೋಣ.

ಎಲ್‌ಎಂ 2596 ಎಂಬ ಉಪಕರಣವು ಬಿಡುವ ತಡೆಯುವ ಕೆಲಸವನ್ನು ಸೆಕೆಂಡಿಗೆ ಒಂದೂವರೆ ಲಕ್ಷ ಸಲ ಮಾಡುತ್ತದೆ. ಅಂದರೆ ಒಂದು ಆವರ್ತಕ್ಕೆ ಸುಮಾರು 6.67 ಮೈಕ್ರೊಸೆಕೆಂಡ್. ಅದರಲ್ಲಿ ಹನ್ನೆರಡರಲ್ಲಿ ಐದು ಪಾಲು, ಎಂದರೆ 2.78 ಮೈಕ್ರೊಸೆಕೆಂಡ್, ದಾರಿ ತೆರೆದಿರುತ್ತದೆ. ಆಗ ಕಾಯಿಲಿನ ಎರಡು ತುದಿಗಳ ನಡುವೆ 12ರಲ್ಲಿ 5 ಕಳೆದು ಉಳಿದ 7 ವೋಲ್ಟ್ ಇರುತ್ತದೆ. ಸರಾಸರಿ 1 ಆಂಪಿಯರ್ ಪ್ರವಾಹದ ಮೇಲೆ 0.3 ಆಂಪಿಯರಿನಷ್ಟು ಏರಿಳಿತವನ್ನು ಸಹಿಸಬಹುದೆಂದು ನಿಶ್ಚಯಿಸಿಕೊಂಡರೆ, 7ನ್ನು 2.78ರಿಂದ ಗುಣಿಸಿ 0.3ರಿಂದ ಭಾಗಿಸಿದಾಗ ಸುಮಾರು 65 ಮೈಕ್ರೊಹೆನ್ರಿ ಎಂದು ಬರುತ್ತದೆ. ಅಂಗಡಿಯಲ್ಲಿ ಸಿಗುವ ಅಳತೆ 68. ಅದನ್ನು ತರಬೇಕು. ಏರಿಳಿತದ ಅರ್ಧ ಮೇಲಕ್ಕೆ, ಅರ್ಧ ಕೆಳಕ್ಕೆ. ಆದುದರಿಂದ ಪ್ರವಾಹವು 1.15 ಆಂಪಿಯರಿನವರೆಗೆ ಏರುತ್ತದೆ. ಅಷ್ಟನ್ನು ತಾಳಲಾರದ ತೆಳು ಕಾಯಿಲು ತನ್ನ ಗುಣವನ್ನೇ ಕಳೆದುಕೊಳ್ಳುತ್ತದೆ. ಹೈಸ್ಕೂಲಿನ ಗಣಿತವನ್ನು ಮೀರಿದ ಒಂದು ಹೆಜ್ಜೆಯೂ ಇದರಲ್ಲಿಲ್ಲ. ಗುಣಾಕಾರ, ಭಾಗಾಕಾರ, ಸರಾಸರಿ ಇಷ್ಟೇ. ಸ್ವಿಚ್ಚು ಮತ್ತು ಡಯೋಡುಗಳು ತಾವು ಇಟ್ಟುಕೊಳ್ಳುವ ಅಲ್ಪ ವೋಲ್ಟೇಜನ್ನು ಈ ಲೆಕ್ಕದಲ್ಲಿ ಬಿಟ್ಟಿದೆ. ಮುಂದಿನ ತರಗತಿಗೆ ಏರಿದಾಗ ವಿದ್ಯಾರ್ಥಿಯು ಅದನ್ನೂ ಸೇರಿಸಿಕೊಳ್ಳಲಿ.

ಡಯೋಡಿನ ಆಯ್ಕೆಯೂ ಒಂದು ಪಾಠವೇ. ಎಲ್ಲೆಡೆಯೂ ದೊರೆಯುವ 1ಎನ್ 4007 ಎಂಬುದು ಮನೆಯ ವಿದ್ಯುತ್ತಿನ ನಿಧಾನಗತಿಗೆ ತಕ್ಕದ್ದು. ಸೆಕೆಂಡಿಗೆ ಒಂದೂವರೆ ಲಕ್ಷ ಸಲ ಬಾಗಿಲು ಹಾಕಿ ತೆಗೆಯುವ ಚುರುಕು ಅದಕ್ಕಿಲ್ಲ. ಇಲ್ಲಿ 1ಎನ್ 5822ರಂತಹ ಶಾಟ್‌ಕಿ ಡಯೋಡು ಬೇಕು. ಅಂತೆಯೇ ಒಳಬದಿಯ ಕೆಪಾಸಿಟರನ್ನು ಉಪಕರಣದ ಮಗ್ಗುಲಲ್ಲಿಯೇ ಕೂಡಿಸಬೇಕು. ಉದ್ದುದ್ದ ತಂತಿಗಳನ್ನು ಎಳೆದರೆ ಮಂಡಲವು ಗದ್ದಲ ಮಾಡುತ್ತದೆ. ಇಂತಹ ಮಂಡಲವನ್ನು ಚುಚ್ಚುವ ಬ್ರೆಡ್‌ಬೋರ್ಡಿನಲ್ಲಿ ಕಟ್ಟದೆ ಡಾಟ್ ಬೋರ್ಡಿನ ಮೇಲೆ ಬೆಸುಗೆ ಹಾಕುವುದು ಲೇಸು. ಬ್ಯಾಟರಿಯ ತಂತಿಯಲ್ಲಿ 2 ಆಂಪಿಯರಿನ ಫ್ಯೂಸೊಂದು ಇರಲೇಬೇಕು. ಮನೆಯ 230 ವೋಲ್ಟಿನ ತಂತಿಯನ್ನಾಗಲಿ, ಅದಕ್ಕೆ ಸೇರಿದ ಚಾರ್ಜರಿನ ಒಳಭಾಗವನ್ನಾಗಲಿ ಮಕ್ಕಳು ಮುಟ್ಟಕೂಡದು. ಎಚ್ಚರಿಕೆಯೂ ವಿದ್ಯೆಯ ಒಂದು ಅಂಗ.

ಇನ್ನು ಫಲವನ್ನು ಅಳೆಯಬೇಕು. ಇಂತಹ ಮಂಡಲದ ದಕ್ಷತೆ ನೂರಕ್ಕೆ ಎಂಬತ್ತರ ಆಸುಪಾಸು. 5 ವ್ಯಾಟ್ ಹೊರಬರಲು 6.25 ವ್ಯಾಟ್ ಒಳಹೋಗುತ್ತದೆ. ಎಂದರೆ ಬ್ಯಾಟರಿಯಿಂದ ಸುಮಾರು 0.52 ಆಂಪಿಯರ್. ಮೊದಲ ಉಪಾಯದಲ್ಲಿ ಪೂರ್ತಿ 1 ಆಂಪಿಯರ್ ಬೇಕಾಗಿತ್ತು. 7 ಆಂಪಿಯರ್-ಗಂಟೆಯ ಬ್ಯಾಟರಿಯು ಬರಿಯ ಲೆಕ್ಕದ ಪ್ರಕಾರ ಅಲ್ಲಿ ಏಳು ಗಂಟೆ, ಇಲ್ಲಿ ಹದಿಮೂರು ಗಂಟೆ ನಡೆಯುತ್ತದೆ. ಸಂಜೆ ಮುಳುಗಿದ ಸೂರ್ಯ ಮರುದಿನ ಬೆಳಗಾಗುವವರೆಗೆ ಹೊಲದ ಯಂತ್ರವು ಎಚ್ಚರವಾಗಿರುವುದೋ ನಡುರಾತ್ರಿಯಲ್ಲಿ ಕಣ್ಣು ಮುಚ್ಚುವುದೋ ಎಂಬುದು ಈ ಲೆಕ್ಕದಿಂದ ನಿಶ್ಚಯವಾಗುತ್ತದೆ. ಇದನ್ನು ತನ್ನ ಕೈಯಿಂದಲೇ ಮಲ್ಟಿಮೀಟರ್ ಹಿಡಿದು ಕಂಡುಕೊಂಡ ಮಗು ಮಿತವ್ಯಯದ ಉಪದೇಶವನ್ನು ಬೇರೆ ಕೇಳಬೇಕಾಗಿಲ್ಲ.

ನಮ್ಮ ಸಂಪ್ರದಾಯದ ವ್ಯಾಕರಣಪಾಠವೂ ಇದೇ ದಾರಿಯದು. ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಸೂತ್ರವನ್ನು ಹೇಳಿ ಅಷ್ಟಕ್ಕೇ ಬಿಡಲಿಲ್ಲ, ವೃತ್ತಿಯನ್ನು ಬರೆದ, ಪ್ರಯೋಗಗಳನ್ನು ಕೊಟ್ಟ. ಸೂತ್ರವನ್ನು ಕಂಠಪಾಠ ಮಾಡಿದವನು ಒಂದು ರೂಪವನ್ನು ಸಾಧಿಸಿ ತೋರಿಸುವಾಗ ತಡವರಿಸಿದರೆ ಗುರುಗಳು ಅವನನ್ನು ಮುಂದಕ್ಕೆ ಬಿಡುತ್ತಿರಲಿಲ್ಲ. ಯಾವ ಅಕ್ಷರ ಲೋಪವಾಯಿತು, ಯಾವುದು ಆಗಮವಾಯಿತು, ಯಾವುದಕ್ಕೆ ಯಾವುದು ಆದೇಶವಾಯಿತು ಎಂದು ಹೆಜ್ಜೆ ಹೆಜ್ಜೆಯಾಗಿ ಹೇಳಬೇಕಾಗಿತ್ತು. ಕೊಂಡು ತಂದ ಹಲಗೆಯು ಸಿದ್ಧರೂಪ. ಲೆಕ್ಕ ಹಾಕಿ ಕಟ್ಟಿದ ಮಂಡಲವು ಸಾಧಿತರೂಪ. ಸಾಧಿಸಿದವನಿಗೆ ಮಾತ್ರ, ಅದು ಕೆಟ್ಟಾಗ ಎಲ್ಲಿ ಕೆಟ್ಟಿತೆಂಬುದು ಗೊತ್ತಾಗುತ್ತದೆ.

ಕೆಲವು ವರ್ಷಗಳ ಹಿಂದೆ ಹೊರ ಊರಿನ ಪ್ರದರ್ಶನವೊಂದಕ್ಕೆ ನಾನು ಪ್ರೇಕ್ಷಕನಾಗಿ ಹೋಗಿದ್ದೆ. ಒಂದು ಮೇಜಿನ ಮೇಲೆ ದೀಪಗಳಿಂದ ಝಗಝಗಿಸುವ ಮಾದರಿ. ಅದರ ನಡುವಿನ ಚಿಕ್ಕ ಹಲಗೆ ಏನೆಂದು ಕೇಳಿದೆ. “ಅದು ಬಕ್ ಕನ್ವರ್ಟರ್” ಎಂದ ಹುಡುಗ. ಏನು ಮಾಡುತ್ತದೆಂದು ಕೇಳಿದ್ದಕ್ಕೆ ಮತ್ತೊಮ್ಮೆ ಅದೇ ಹೆಸರನ್ನು ಹೇಳಿದ. ಮೂಲೆಯ ಮೇಜಿನಲ್ಲಿ ಬೆಸುಗೆಯ ಗಂಟುಗಳಿಂದ ಕೂಡಿದ, ನೋಡಲು ಚೆಂದವಿಲ್ಲದ ಹಲಗೆಯೊಂದನ್ನಿಟ್ಟುಕೊಂಡು ಒಬ್ಬ ಹುಡುಗಿ ನಿಂತಿದ್ದಳು. ಅವಳ ಮೀಟರು 5ನ್ನು ತೋರಿಸದೆ 4.55ನ್ನು ತೋರಿಸುತ್ತಿತ್ತು. ಏಕೆಂದು ಕೇಳಿದೆ. “ಮೂರು ಕೆ ರೆಸಿಸ್ಟರ್ ಅಂಗಡ್ಯಾಗ ಸಿಗಲಿಲ್ರೀ ಸರ. ಮೂರು ಪಾಯಿಂಟ್ ಮೂರು ಹಾಕಿದ್ರ ಐದೂಕಾಲು ದಾಟತದ, ಬೋರ್ಡಿಗೆ ಚಲೋ ಅಲ್ಲ. ಅದಕ್ಕ ಎರಡು ಪಾಯಿಂಟ್ ಏಳು ಹಾಕೀನಿ. ಅದರ ಬೆನ್ನಿಗೆ ಮುನ್ನೂರ ಮೂವತ್ತರದೊಂದು ಕೂಡಿಸಿದ್ರ ಐದರ ಸನೇಕ ಬರತದ” ಎಂದು ತನ್ನ ವಹಿಯನ್ನು ತೆರೆದು ತೋರಿಸಿದಳು.

ಅವಳು ಹೇಳಿದ್ದು ಅಕ್ಷರಶಃ ಸರಿ. ಆ ಉಪಕರಣವು ಹೊರಗಿನ ವೋಲ್ಟೇಜಿನ ಒಂದಂಶವನ್ನು ಎರಡು ರೆಸಿಸ್ಟರುಗಳ ಮೂಲಕ ಸದಾ ನೋಡಿಕೊಳ್ಳುತ್ತಿರುತ್ತದೆ. ಆ ಅಂಶವು 1.23 ವೋಲ್ಟ್ ಆಗಿರುವಂತೆ ಬಿಡುವ ಕಾಲವನ್ನು ಹೆಚ್ಚು ಕಡಿಮೆ ಮಾಡಿಕೊಳ್ಳುತ್ತದೆ. ಬ್ಯಾಟರಿಯು ಬರಿದಾಗಿ 11ಕ್ಕೆ ಇಳಿಯಲಿ, ಬಿಸಿಲಿನಲ್ಲಿ ತುಂಬುತ್ತ 14ಕ್ಕೆ ಏರಲಿ, ಹೊರಗಿನದು ಅಲುಗದಿರುವುದು ಇದರಿಂದ. ಕೆಳಗಿನ ರೆಸಿಸ್ಟರ್ 1 ಕೆ ಆಗಿದ್ದು ಮೇಲಿನದು 3 ಕೆ ಆದರೆ 1.23ರ ನಾಲ್ಕರಷ್ಟು, 4.92, 2.7 ಆದರೆ 4.55, 3.3 ಆದರೆ 5.29, ಅವಳು ಹೇಳಿದಂತೆ 2.7ಕ್ಕೆ 330 ಓಮ್ ಸೇರಿಸಿದರೆ 4.96. ಬಹುಮಾನವು ಝಗಝಗಿಸುವ ಮಾದರಿಗೆ ಹೋಯಿತು. ಹುಡುಗಿಗೆ ಸಮಾಧಾನದ ಪತ್ರವೂ ದೊರೆಯಲಿಲ್ಲ. ತೀರ್ಪು ಕೊಟ್ಟವರು ಕೆಟ್ಟವರೆಂದು ನಾನು ಹೇಳುವುದಿಲ್ಲ. ಅವರ ಕೈಯಲ್ಲಿದ್ದ ಅಂಕಪಟ್ಟಿಯಲ್ಲಿ ‘ನೋಟ’ಕ್ಕೆ ಅಂಕಗಳಿದ್ದವು, ‘ಲೆಕ್ಕ’ಕ್ಕೆ ಇರಲಿಲ್ಲ. ನಾವು ಯಾವುದಕ್ಕೆ ಅಂಕ ಕೊಡುತ್ತೇವೆಯೋ ಮಕ್ಕಳು ಅದನ್ನೇ ಬೆಳೆಯುತ್ತಾರೆ.

ಆ ಹುಡುಗಿಯ ಮಾತಿನಲ್ಲಿ ಇನ್ನೊಂದು ಅಂಶವನ್ನು ಗಮನಿಸಬೇಕು. ರೆಸಿಸ್ಟರ್, ಪಾಯಿಂಟ್, ಬೋರ್ಡ್ ಎಂಬ ಪರಭಾಷೆಯ ಶಬ್ದಗಳು ಅದರಲ್ಲಿದ್ದವು. ಆದರೆ ಹಾಕುವುದು, ದಾಟುವುದು, ಕೂಡಿಸುವುದು, ಬರುವುದು ಎಂಬ ಕ್ರಿಯೆಗಳೆಲ್ಲ ಅವಳ ತಾಯಿಯ ಮಾತಿನವು. ಪಠ್ಯಪುಸ್ತಕದಲ್ಲಿ ರೋಧಕ, ಧಾರಕ, ಪ್ರೇರಕ ಎಂಬ ಒಳ್ಳೆಯ ಶಬ್ದಗಳಿವೆ. ಅವುಗಳನ್ನು ಮಕ್ಕಳು ಕಲಿಯಲಿ. ಅಂಗಡಿಯಲ್ಲಿ ಕೇಳುವಾಗ ರೆಸಿಸ್ಟರ್, ಕೆಪಾಸಿಟರ್, ಕಾಯಿಲ್ ಎಂದೇ ಕೇಳಲಿ. ಅರ್ಜಿ, ದಾಖಲೆ, ರೈಲು, ಬಸ್ಸುಗಳನ್ನು ಅರಗಿಸಿಕೊಂಡ ಕನ್ನಡಕ್ಕೆ ಡಯೋಡು ಅಜೀರ್ಣವಾಗದು. ನಾಮಪದವನ್ನು ಎರವಲು ತಂದರೆ ಭಾಷೆಗೆ ನಷ್ಟವಿಲ್ಲ. ಕ್ರಿಯಾಪದವನ್ನೂ ಎರವಲು ತಂದಾಗ ಆಲೋಚನೆಯೇ ಎರವಲಾಗುತ್ತದೆ. ಆ ಹುಡುಗನಲ್ಲಿ ನಾಮಪದವಿತ್ತು, ಕ್ರಿಯಾಪದವಿರಲಿಲ್ಲ. ಕನ್ನಡ ಮಾಧ್ಯಮದಿಂದ ಡಿಪ್ಲೊಮಾ ಮತ್ತು ಇಂಜಿನಿಯರಿಂಗ್ ವ್ಯಾಸಂಗಕ್ಕೆ ಹೋಗುವ ನಮ್ಮ ಮಕ್ಕಳು ಅಲ್ಲಿ ಇಂಗ್ಲಿಷಿನ ಮುಂದೆ ಕುಗ್ಗುತ್ತಾರೆಂದು ಹಲವರು ಮರುಗುತ್ತಾರೆ. ಒಂದು ಮಂಡಲವನ್ನು ತನ್ನ ಭಾಷೆಯಲ್ಲಿ ಕಟ್ಟಿ, ಕೆಡಿಸಿ, ಮತ್ತೆ ಕಟ್ಟಿದ ಮಗುವಿಗೆ ಇಂಗ್ಲಿಷ್ ಪುಸ್ತಕವು ಹೊಸ ಹೆಸರುಗಳನ್ನು ಮಾತ್ರ ಕಲಿಸಬೇಕಾಗುತ್ತದೆ. ವಿಷಯವು ಅದರ ಬಳಿ ಮೊದಲೇ ಇರುತ್ತದೆ.

ಇದಕ್ಕೆ ಆಕ್ಷೇಪಗಳಿಲ್ಲದಿಲ್ಲ. ನುರಿತ ಇಂಜಿನಿಯರುಗಳೇ ಸಿದ್ಧವಾದ ಹಲಗೆಗಳನ್ನು ಕೊಂಡು ಬಳಸುವಾಗ ಮಕ್ಕಳಿಗೇಕೆ ಈ ಕಷ್ಟ ಎನ್ನಬಹುದು. ಅವರು ಬಳಸುವುದು ನಿಜ. ಪಂಡಿತನೂ ನಿಘಂಟನ್ನು ನೋಡುತ್ತಾನೆ. ಆದರೆ ಶಬ್ದವನ್ನು ಬಿಡಿಸಲು ಕಲಿತಮೇಲೆ ನೋಡುತ್ತಾನೆ. ಮಗುವು ಒಮ್ಮೆ ತಾನೇ ಮಂಡಲವನ್ನು ಕಟ್ಟಲಿ, ಆಮೇಲೆ ನೂರು ಸಲ ಕೊಂಡು ತರಲಿ. ಪಾಠಪ್ರವಚನಗಳ ನಡುವೆ ಸಮಯವೆಲ್ಲಿದೆ ಎಂಬುದು ಇನ್ನೊಂದು ಆಕ್ಷೇಪ. ಅಧ್ಯಾಪಕರ ಹೊರೆಯನ್ನು ಬಲ್ಲ ನಾನು ಇದನ್ನು ಹಗುರವಾಗಿ ತಳ್ಳಿಹಾಕಲಾರೆ. ಆದರೆ ಹತ್ತು ಮಾದರಿಗಳನ್ನು ತರಾತುರಿಯಲ್ಲಿ ಸಿಂಗರಿಸುವ ಕಾಲದಲ್ಲಿ ಎರಡನ್ನು ನೆಟ್ಟಗೆ ಕಟ್ಟಿಸಬಹುದು.

ಈ ಕಾರಣಗಳಿಂದ ಮೂರು ಸಲಹೆಗಳನ್ನು ವಿನಯಪೂರ್ವಕವಾಗಿ ಮುಂದಿಡುತ್ತೇನೆ. ಅಧ್ಯಾಪಕ ಬಂಧುಗಳಲ್ಲಿ ಕೇಳುವುದೇನೆಂದರೆ, ನಮ್ಮ ಶಾಲೆಯ ಪ್ರದರ್ಶನದ ಅಂಕಗಳಲ್ಲಿ ಅರ್ಧವನ್ನು ವಿದ್ಯಾರ್ಥಿಯ ವಹಿಗೂ ಅವನ ಬಾಯಿಮಾತಿನ ವಿವರಣೆಗೂ ಮೀಸಲಿಡೋಣ. ಲೆಕ್ಕದಂತೆ ಬಾರದಿದ್ದ ಫಲವನ್ನು ಅಳಿಸದೆ ಬರೆದಿಟ್ಟು, ಕಾರಣವನ್ನು ಹುಡುಕಿದವನಿಗೆ ಹೆಚ್ಚಿನ ಅಂಕ ಸಲ್ಲಲಿ. ವಿವರಣಪತ್ರದ ಕನ್ನಡವನ್ನು ಮಗುವಿನೊಡನೆ ಕುಳಿತು ತಿದ್ದುವ ಹೊಣೆ ನನ್ನದು.

ದಾನಿಗಳಾದ ಮಹನೀಯರು ಕೊಠಡಿಗಳನ್ನು ಕಟ್ಟಿಸಿದ್ದಾರೆ, ಯಂತ್ರಗಳನ್ನು ಕೊಡಿಸಿದ್ದಾರೆ; ಆ ಋಣವನ್ನು ಶಾಲೆ ಮರೆಯದು. ಆದರೆ ಗಾಜಿನ ಬೀರುವಿನಲ್ಲಿ ಬೀಗದೊಳಗಿರುವ ಉಪಕರಣಕ್ಕಿಂತ, ಬಳಸಿ ಮುಗಿದುಹೋಗುವ ಬೆಸುಗೆಯ ತಂತಿ ದೊಡ್ಡ ದಾನ. ಹತ್ತು ಸೋಲ್ಡರಿಂಗ್ ಐರನ್, ಹತ್ತು ಮಲ್ಟಿಮೀಟರ್, ಏರಿಳಿತವನ್ನು ಕಣ್ಣಿಗೆ ಕಾಣಿಸುವ ಒಂದು ಆಸಿಲೋಸ್ಕೋಪ್, ಮತ್ತು ಪ್ರತಿವರ್ಷವೂ ಸುಟ್ಟುಹೋಗುವ ಬಿಡಿಭಾಗಗಳಿಗೆಂದು ಒಂದು ಚಿಕ್ಕ ದತ್ತಿ, ಇಷ್ಟಿದ್ದರೆ ಸಾಕು. ಇದರ ಮೇಲೆ ಹೆಸರಿನ ಫಲಕವನ್ನು ಕೂಡಿಸಲು ಗೋಡೆಯಿಲ್ಲವೆಂಬುದು ನಿಜ. ಆದರೂ ಸುಡಬಹುದೆಂಬ ಅಭಯವಿಲ್ಲದೆ ಯಾವ ಮಗುವೂ ಕಟ್ಟಲು ಕಲಿಯದು.

ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಇಂದು ವಿದ್ಯುತ್ ಕಂಪನಿಗಳಲ್ಲಿಯೂ ಬೆಂಗಳೂರಿನ ಕಾರ್ಖಾನೆಗಳಲ್ಲಿಯೂ ಇದ್ದೀರಿ. ಊರಿಗೆ ಬಂದಾಗ ಶಾಲು ಹಾರಗಳನ್ನು ಸ್ವೀಕರಿಸಿ ಭಾಷಣ ಮಾಡಿ ಹೋಗುವುದು ಸಂತೋಷವೇ. ಅದಕ್ಕಿಂತ ಮಿಗಿಲಾಗಿ, ಒಂದು ಶನಿವಾರದ ಮಧ್ಯಾಹ್ನ ಮೇಜಿನ ಮುಂದೆ ಮಕ್ಕಳ ನಡುವೆ ಕುಳಿತು, 12 ಹೇಗೆ 5 ಆಗುತ್ತದೆಂಬುದನ್ನು ನೀವು ಆಡಿ ಬೆಳೆದ ಮಾತಿನಲ್ಲಿಯೇ ಹೇಳಿಕೊಡಿರಿ. ಮುಂದಿನ ಪ್ರದರ್ಶನದ ವಿವರಣಪತ್ರಗಳು ನನ್ನ ಮೇಜಿಗೆ ಬರುವ ಹೊತ್ತಿಗೆ ಅವುಗಳ ಜೊತೆಯಲ್ಲಿ ಲೆಕ್ಕದ ವಹಿಗಳೂ ಬರಲಿ ಎಂಬುದೇ ನನ್ನ ಹಾರೈಕೆ.